ವಾಳಪ್ಪಾಡಿ ರಾಮಮೂರ್ತಿಯವರ ಲೋಕಸಭಾ ಜೀವನ: ಗಡಿನಾಡ ಕನ್ನಡಿಗರಿಗೆ ಒಂದು ಪಾಠ

(ನಲ್ಲಂಪಳ್ಳಿಯಲ್ಲಿ ಕನ್ನಡ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಈ ದಿನ ನಾವು ತಮ್ಮ ಮುಂದೆ ಮಾತನಾಡಲು ಆರಿಸಿಕೊಂಡಿರುವ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಕನ್ನಡದ ಕಾರ್ಯಕ್ಕಾಗಿ ಬಂದವರು ಕನ್ನಡದ ಕವಿಗಳನ್ನೋ ಅರಸರನ್ನೋ ಕುರಿತು ಹೇಳುವುದು ವಾಡಿಕೆ. ನಾವಾದರೋ ತಮಿಳು ನುಡಿಯ ಒಬ್ಬ ರಾಜಕಾರಣಿಯ ಬಾಳನ್ನು, ಅದರಲ್ಲಿಯೂ ಕಾವೇರಿಯ ವಿಷಯದಲ್ಲಿ ಕರ್ನಾಟಕದ ಎದುರು ಪಕ್ಷದಲ್ಲಿ ನಿಂತಿದ್ದ ಒಬ್ಬರ ಬಾಳನ್ನು, ತಮಗೆ ವಿವರಿಸಬೇಕೆಂದಿದ್ದೇವೆ. ಏತಕ್ಕೆಂದರೆ, ದಿಲ್ಲಿಯ ಲೋಕಸಭೆಯಲ್ಲಿ ಈ ಸೀಮೆಯ ಪರವಾಗಿ ಅವರಷ್ಟು ದೀರ್ಘಕಾಲ ಕುಳಿತವರು ವಿರಳ. ಅವರ ಕಾರ್ಯವನ್ನು ತಿಳಿದುಕೊಂಡರೆ ಲೋಕಸಭಾ ಸದಸ್ಯನೆಂಬುವನಿಂದ ಏನು ಸಾಧ್ಯ, ಏನು ಅಸಾಧ್ಯ, ನಾವು ಇದುವರೆಗೆ ಅವನಿಂದ ಏನನ್ನು ಕೇಳಲಿಲ್ಲ ಎಂಬುದು ತಮಗೆ ತಾನಾಗಿಯೇ ಮನದಟ್ಟಾಗುವುದು.

ಮೊದಲು ನಮ್ಮ ಸ್ಥಿತಿಯನ್ನೇ ನೋಡೋಣ. ಈ ನೆಲದಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದ ನುಡಿಯಲ್ಲ. ತಗಡೂರೆಂದು ಹಿಂದೆ ಹೆಸರಾಗಿದ್ದ ಧರ್ಮಪುರಿಯಲ್ಲಿ 9ನೆಯ ಶತಮಾನದ ನೊಳಂಬ ಅರಸರ ಕನ್ನಡ ಶಾಸನಗಳು ದೊರೆತಿವೆ. ಬಾರಾಮಹಲೆಂದು ಕರೆಯುತ್ತಿದ್ದ ಈ ಸೀಮೆಯು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳಿಕೆಯಲ್ಲಿಯೇ ಇತ್ತು. ಆಮೇಲೆ ಇಂಗ್ಲಿಷರ ಕಂಪನಿಯ ಕೈಗೆ ಹೋಗಿ, ಸೇಲಂ ಜಿಲ್ಲೆಯ ಭಾಗವಾಗಿ, 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿದ್ದಾರೆ. ಇಷ್ಟು ಜನರಿದ್ದೂ ನಾವು ಈ ಮಣ್ಣಿನಲ್ಲಿ ನೆಂಟರಂತೆ ಬಾಳುತ್ತಿದ್ದೇವೆ. ನೆಂಟನಾದವನು ಬಡಿಸಿದ್ದನ್ನು ಉಣ್ಣುತ್ತಾನೆ, ಸಾಲದೆಂದು ಕೇಳಲು ನಾಚುತ್ತಾನೆ. ಆದರೆ ತೆರಿಗೆ ಕೊಡುವವನು, ಮತ ಹಾಕುವವನು, ಹೊಲ ಉಳುವವನು ನೆಂಟನಲ್ಲ, ಮನೆಯವನು. ಈ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕೆಂದು ನಮ್ಮ ಬಿನ್ನಹ.

ಇನ್ನು ರಾಮಮೂರ್ತಿಯವರ ವಿಷಯಕ್ಕೆ ಬರುತ್ತೇವೆ.

ಸೇಲಂ ಪಟ್ಟಣದಿಂದ ಆತ್ತೂರಿನ ಕಡೆಗೆ ಹೋಗುವ ದಾರಿಯಲ್ಲಿ ವಾಳಪ್ಪಾಡಿಯೆಂಬ ಊರಿದೆ. ಕೆ. ರಾಮಮೂರ್ತಿಯವರು ಆ ಊರಿನವರು, 1940ರಲ್ಲಿ ಹುಟ್ಟಿದವರು. ಊರಿನ ಹೆಸರು ಅವರ ಹೆಸರಿಗೆ ಎಷ್ಟು ಅಂಟಿಕೊಂಡಿತೆಂದರೆ, ನಾಡೆಲ್ಲ ಅವರನ್ನು ವಾಳಪ್ಪಾಡಿ ರಾಮಮೂರ್ತಿಯೆಂದೇ ಕರೆಯಿತು. ಕಾರ್ಮಿಕ ಸಂಘಗಳಲ್ಲಿಯೂ ಕಾಂಗ್ರೆಸ್ಸಿನಲ್ಲಿಯೂ ದುಡಿದು ಮೇಲೆ ಬಂದವರು ಅವರು. 1977ರ ಮಹಾಚುನಾವಣೆಯಲ್ಲಿ ನಮ್ಮ ಧರ್ಮಪುರಿ ಕ್ಷೇತ್ರದಿಂದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ನಿಂತು ಗೆದ್ದು, ಅವರು ಲೋಕಸಭೆಯನ್ನು ಪ್ರವೇಶಿಸಿದರು. ಆ ವರ್ಷವನ್ನು ಹಿರಿಯರು ಮರೆತಿರಲಾರರು. ತುರ್ತುಪರಿಸ್ಥಿತಿ ಮುಗಿದು ನಡೆದ ಆ ಚುನಾವಣೆಯಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ಸು ಸೋತಿತು, ಮೊರಾರ್ಜಿ ದೇಸಾಯಿಯವರು ಪ್ರಧಾನಮಂತ್ರಿಗಳಾದರು. ಹೀಗಾಗಿ ರಾಮಮೂರ್ತಿಯವರು ಸಭೆಯಲ್ಲಿ ಮೊದಲು ಕುಳಿತದ್ದು ವಿರೋಧಪಕ್ಷದ ಸಾಲಿನಲ್ಲಿ.

ಮೂರು ವರ್ಷ ತುಂಬುವುದರೊಳಗೆ ಮತ್ತೆ ಚುನಾವಣೆ ಬಂದಿತು. 1980ರಲ್ಲಿ ಅವರು ಪಕ್ಕದ ಕೃಷ್ಣಗಿರಿ ಕ್ಷೇತ್ರದಿಂದ ನಿಂತು ಗೆದ್ದರು. 1984, 1989, 1991 ಈ ಮೂರು ಚುನಾವಣೆಗಳಲ್ಲಿಯೂ ಅದೇ ಕ್ಷೇತ್ರದ ಜನ ಅವರನ್ನೇ ಆರಿಸಿ ಕಳಿಸಿದರು. ಧರ್ಮಪುರಿಯಿಂದ ಒಂದು ಸಲ, ಕೃಷ್ಣಗಿರಿಯಿಂದ ನಾಲ್ಕು ಸಲ, ಹೀಗೆ ಸತತವಾಗಿ ಐದು ಸಲ. ಹೊಸೂರು ಮತ್ತು ತಳಿ ಸೀಮೆ ಆ ಕೃಷ್ಣಗಿರಿ ಕ್ಷೇತ್ರಕ್ಕೆ ಸೇರಿದ್ದು. ಅಲ್ಲಿಯ ಹಳ್ಳಿಗಳಲ್ಲಿ ಕನ್ನಡಿಗರೂ ತೆಲುಗರೂ ಎಷ್ಟಿದ್ದಾರೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ರಾಮಮೂರ್ತಿಯವರನ್ನು ದಿಲ್ಲಿಗೆ ಕಳಿಸಿದ ಮತಗಳಲ್ಲಿ ನಮ್ಮವರ ಮತಗಳೂ ಸೇರಿದ್ದವು.

ಈ ಐದು ಅವಧಿಗಳಲ್ಲಿ ಎರಡು ಸಲ ಅವರ ಪಕ್ಷ ವಿರೋಧದಲ್ಲಿತ್ತು, ಮೂರು ಸಲ ಅಧಿಕಾರದಲ್ಲಿತ್ತು. ತಮಿಳುನಾಡಿನ ಕಾಂಗ್ರೆಸ್ಸಿನ ಅಧ್ಯಕ್ಷತೆಯೂ ಅವರಿಗೆ ಬಂದಿತು. ಲೋಕಸಭಾ ಸದಸ್ಯನ ಬಾಳು ಎಂಥದೆಂಬುದನ್ನು ಇದರಿಂದ ಊಹಿಸಿಕೊಳ್ಳಿರಿ. ಬಜೆಟ್ಟು, ಮಳೆಗಾಲ, ಚಳಿಗಾಲವೆಂದು ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನಗಳು. ಆ ದಿನಗಳಲ್ಲಿ ದಿಲ್ಲಿಯಲ್ಲಿರಬೇಕು. ಉಳಿದ ದಿನಗಳಲ್ಲಿ ಮದುವೆ, ಸಾವು, ಜಾತ್ರೆ, ಕಟ್ಟಡದ ಉದ್ಘಾಟನೆ, ಬಾಗಿಲಲ್ಲಿ ಮನವಿಪತ್ರ ಹಿಡಿದು ನಿಂತವರು. ನೂರು ಮೈಲಿ ಉದ್ದದ ಕ್ಷೇತ್ರದಲ್ಲಿ ಯಾರ ಮನವಿ ನೆನಪಿನಲ್ಲಿ ಉಳಿಯುವುದು? ಮತ್ತೆ ಮತ್ತೆ ಬಂದವರದು, ಕೂಡಿ ಬಂದವರದು, ಬರೆದು ತಂದವರದು.

1991ರಲ್ಲಿ ಪಿ. ವಿ. ನರಸಿಂಹರಾಯರು ಪ್ರಧಾನಮಂತ್ರಿಗಳಾದಾಗ ರಾಮಮೂರ್ತಿಯವರಿಗೆ ಕಾರ್ಮಿಕ ಖಾತೆಯ ರಾಜ್ಯ ಮಂತ್ರಿಪದವಿ ದೊರೆಯಿತು. ಕಾರ್ಮಿಕರ ನಡುವೆ ದುಡಿದವರಿಗೆ ಅದಕ್ಕಿಂತ ತಕ್ಕ ಖಾತೆ ಇನ್ನಾವುದಿದ್ದೀತು? ಆದರೆ ಆ ವರ್ಷವೇ ಕಾವೇರಿ ನಮ್ಮೆಲ್ಲರನ್ನೂ ಕದಡಿತು. 1990ರ ಜೂನಿನಲ್ಲಿ ರಚನೆಯಾಗಿದ್ದ ಕಾವೇರಿ ನ್ಯಾಯಮಂಡಲಿಯು 1991ರ ಜೂನ್ 25ರಂದು ಮಧ್ಯಂತರ ಆದೇಶವನ್ನಿತ್ತು, ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೇಟ್ಟೂರಿಗೆ ಬಂದು ಸೇರುವಂತೆ ಕರ್ನಾಟಕ ಬಿಡಬೇಕೆಂದಿತು. ಕರ್ನಾಟಕ ಸರ್ಕಾರ ಅದಕ್ಕೆ ಎದುರಾಗಿ ಸುಗ್ರೀವಾಜ್ಞೆ ಹೊರಡಿಸಿತು. ಸುಪ್ರೀಂ ಕೋರ್ಟು ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧವೆಂದಿತು. ಡಿಸೆಂಬರ್ 11ರಂದು ಕೇಂದ್ರದ ಗೆಜೆಟ್ಟಿನಲ್ಲಿ ಆದೇಶ ಪ್ರಕಟವಾಯಿತು. ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಗಲಭೆಗಳಾಗಿ ತಮಿಳು ಕೂಲಿಕಾರರ ಗುಡಿಸಲುಗಳು ಸುಟ್ಟವು. ಗಡಿಯ ಈಚೆ ಕನ್ನಡಿಗರೂ ಅಂಜಿಕೆಯಲ್ಲಿ ದಿನಗಳೆದರು. ಎರಡೂ ಕಡೆ ನೊಂದವರು ಬಡವರೇ.

ಈ ಕಾವೇರಿಯ ವಿಷಯವಾಗಿಯೇ ರಾಮಮೂರ್ತಿಯವರು ತಮ್ಮ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು.

ಬಂಧುಗಳೇ, ಇದನ್ನು ಹೇಳುವಾಗ ನಮ್ಮ ಮನಸ್ಸು ಎರಡು ಕಡೆ ಎಳೆಯುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ನಾವು ಕನ್ನಡಿಗರು. ಮಂಡ್ಯದ ರೈತನ ಗದ್ದೆ ಒಣಗಿದರೆ ನಮ್ಮ ಕರುಳು ಮಿಡಿಯುತ್ತದೆ. ಆದರೆ ನಾವು ಹೊಗೇನಕಲ್ಲಿನಿಂದ ಕೆಳಗಡೆ ಬಾಳುವವರು. ಮೇಟ್ಟೂರಿನ ನೀರು ನಮ್ಮ ನೆರೆಯವರ ಅನ್ನ, ಕೆಲವೆಡೆ ನಮ್ಮದೂ ಅನ್ನ. ರಾಮಮೂರ್ತಿಯವರು ಹಿಡಿದ ಪಕ್ಷ ಸರಿಯೋ ತಪ್ಪೋ ಎಂಬುದನ್ನು ನಾವಿಲ್ಲಿ ತೀರ್ಮಾನಿಸಲು ಕೂಡಿಲ್ಲ. ಆ ವ್ಯಾಜ್ಯದಲ್ಲಿ 2007ರಲ್ಲಿ ನ್ಯಾಯಮಂಡಲಿಯ ಅಂತಿಮ ತೀರ್ಪು ಬಂದು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ, ಕರ್ನಾಟಕ ಬಿಡಬೇಕಾದ ನೀರನ್ನು 177.25 ಟಿ.ಎಂ.ಸಿ. ಎಂದು ಗೊತ್ತುಮಾಡಿದೆ. ನಾವು ಗಮನಿಸಬೇಕಾದದ್ದು ಒಂದೇ. ಒಬ್ಬ ಸದಸ್ಯನಿಗೆ ತನ್ನ ಮತದಾರರ ಒಂದು ಅಹವಾಲು ಮಂತ್ರಿಯ ಕುರ್ಚಿಗಿಂತ ಭಾರವಾಗಿ ಕಂಡಿತು. ಅದು ಅಷ್ಟು ಭಾರವಾದದ್ದು ಹೇಗೆ? ಹೊಲದ ರೈತ, ಪೇಟೆಯ ವರ್ತಕ, ಕಾಲೇಜಿನ ಹುಡುಗ, ಪತ್ರಿಕೆಯವನು, ಎಲ್ಲ ಪಕ್ಷದವರು ಅದನ್ನೇ ಹೇಳಿದರು, ವರ್ಷಗಟ್ಟಲೆ ಹೇಳಿದರು. ಆ ಭಾರವನ್ನು ರಾಮಮೂರ್ತಿಯವರಾಗಲಿ ಬೇರೆ ಯಾರಾಗಲಿ ಇಳಿಸಿ ಬದಿಗಿಡುವಂತಿರಲಿಲ್ಲ.

ಅದೇ ಸದಸ್ಯರ ಅದೇ ಕ್ಷೇತ್ರದಲ್ಲಿ ಕನ್ನಡ ಶಾಲೆಯ ಪ್ರಶ್ನೆಯೂ ಇತ್ತು. ಅದು ಯಾವ ಕುರ್ಚಿಯನ್ನೂ ಅಲುಗಿಸಲಿಲ್ಲ. ಅದಕ್ಕೆ ಅವರನ್ನು ದೂರುವುದಕ್ಕೆ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಆ ಪ್ರಶ್ನೆಯನ್ನು ಭಾರವಾಗಿಸಲು ನಾವೇನು ಮಾಡಿದೆವು?

ಅವರ ಬಾಳಿನ ಕೊನೆಯ ಭಾಗ ಇನ್ನೊಂದು ಪಾಠವನ್ನು ಹೇಳುತ್ತದೆ. ಕಾಂಗ್ರೆಸ್ಸಿನಿಂದ ಬೇರೆಯಾಗಿ ಅವರು ತಮಿಳಗ ರಾಜೀವ್ ಕಾಂಗ್ರೆಸ್ಸೆಂಬ ಸಣ್ಣ ಪಕ್ಷವನ್ನು ಕಟ್ಟಿದರು. 1998ರಲ್ಲಿ ಸೇಲಂ ಕ್ಷೇತ್ರದಿಂದ ಗೆದ್ದು ಆರನೆಯ ಸಲ ಲೋಕಸಭೆಗೆ ಹೋದರು. ಆ ಪಕ್ಷಕ್ಕೆ ಲೋಕಸಭೆಯಲ್ಲಿದ್ದ ಸದಸ್ಯರು ಅವರೊಬ್ಬರೇ. ಆದರೂ ಅಟಲಬಿಹಾರಿ ವಾಜಪೇಯಿಯವರ ಮಂತ್ರಿಮಂಡಲದಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದಂಥ ದೊಡ್ಡ ಖಾತೆ ಅವರ ಪಾಲಿಗೆ ಬಂದಿತು. ಆ ಸರ್ಕಾರ ಹೇಗೆ ಬಿದ್ದಿತೆಂಬುದು ಎಲ್ಲರಿಗೂ ನೆನಪಿರಬೇಕು. 1999ರ ಏಪ್ರಿಲ್ 17ರಂದು ವಿಶ್ವಾಸಮತದ ಪರವಾಗಿ 269, ವಿರೋಧವಾಗಿ 270. ಒಂದೇ ಒಂದು ಮತ! ಐನೂರಕ್ಕೂ ಮಿಕ್ಕ ಸದಸ್ಯರ ಸಭೆಯಲ್ಲಿ ನಮ್ಮೊಬ್ಬ ಸದಸ್ಯನಿಂದ ಏನಾದೀತೆಂದು ಹೇಳುವವರು ಆ ದಿನವನ್ನು ಜ್ಞಾಪಿಸಿಕೊಳ್ಳಬೇಕು. ಅದೇ ಮಾತು ನಮಗೂ ಅನ್ವಯಿಸುತ್ತದೆ. ಒಂದು ಕ್ಷೇತ್ರದಲ್ಲಿ ನಾವು ಕೆಲವೇ ಸಾವಿರ ಮಂದಿ ಎಂದುಕೊಂಡು ಸುಮ್ಮನಿರುವುದು ತಪ್ಪು ಲೆಕ್ಕ. 2024ರಲ್ಲಿ ಧರ್ಮಪುರಿಯಿಂದ ಎ. ಮಣಿಯವರು ಗೆದ್ದದ್ದು ಸುಮಾರು 21 ಸಾವಿರ ಮತಗಳ ಅಂತರದಿಂದ. ಒಟ್ಟಾಗಿ ನಿಂತ ಕೆಲವು ಸಾವಿರ ಮಂದಿಯ ಮಾತನ್ನು ಯಾವ ಅಭ್ಯರ್ಥಿಯೂ ತಳ್ಳಿಹಾಕಲಾರ.

ರಾಮಮೂರ್ತಿಯವರು 2002ರ ಅಕ್ಟೋಬರಿನಲ್ಲಿ ತೀರಿಕೊಂಡರು. ಧರ್ಮಪುರಿ, ಕೃಷ್ಣಗಿರಿ, ಸೇಲಂ ಈ ಮೂರೇ ಕ್ಷೇತ್ರಗಳಲ್ಲಿ ಅವರ ಆರು ಗೆಲುವುಗಳೂ ಸಂದವು. ಸುಖದ ಕ್ಷೇತ್ರವನ್ನರಸಿ ಅವರು ದೂರ ಹೋಗಲಿಲ್ಲ. ಪಕ್ಷ ಬದಲಾಯಿತು, ನೆಲ ಬದಲಾಗಲಿಲ್ಲ.

ಈಗ ಈ ನಲ್ಲಂಪಳ್ಳಿಯ ಸುತ್ತಮುತ್ತಲ ಸಂಗತಿಗಳನ್ನೇ ತೆಗೆದುಕೊಂಡು, ಸದಸ್ಯರ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡೋಣ.

ಇಲ್ಲಿಂದ ಸೇಲಂ ಕಡೆಗೆ ಹೋದರೆ ತೊಪ್ಪೂರು ಘಟ್ಟ. ಆ ಇಳಿಜಾರಿನಲ್ಲಿ ಲಾರಿಗಳು ಹಿಡಿತ ತಪ್ಪಿ ಎಷ್ಟು ಜೀವಗಳು ಹೋದುವೆಂಬುದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಅದು ರಾಷ್ಟ್ರೀಯ ಹೆದ್ದಾರಿ, ಆದುದರಿಂದ ಕೇಂದ್ರ ಸರ್ಕಾರದ ಹೊಣೆ. 2019ರಿಂದ 2024ರವರೆಗೆ ಇಲ್ಲಿಯ ಸದಸ್ಯರಾಗಿದ್ದ ವೈದ್ಯ ಸೆಂಥಿಲ್‌ಕುಮಾರರು ಈ ವಿಷಯವನ್ನು ಲೋಕಸಭೆಯಲ್ಲಿ ಎತ್ತಿದರು. ಇನ್ನೊಂದು, ಮೊರಪ್ಪೂರಿನಿಂದ ಧರ್ಮಪುರಿಗೆ ರೈಲು. 1906ರಲ್ಲಿ ತೆರೆದ ಆ ಕಿರಿಹಳಿಯ ದಾರಿ 1941ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಮುಚ್ಚಿತು. ಜನ ಅದನ್ನು ಮರೆಯಲಿಲ್ಲ. ಸದಸ್ಯರ ಮೇಲೆ ಸದಸ್ಯರು ಬಂದರೂ ಆ ಬೇಡಿಕೆ ಕೈಯಿಂದ ಕೈಗೆ ದಾಟುತ್ತ ಬಂದು, 78 ವರ್ಷಗಳ ತರುವಾಯ 2019ರಲ್ಲಿ ಹೊಸ ಮಾರ್ಗಕ್ಕೆ ಶಂಕುಸ್ಥಾಪನೆಯಾಯಿತು. ಮೂರನೆಯದು, ಕುಡಿಯುವ ನೀರು. ಈ ಜಿಲ್ಲೆಯ ಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ, ಮಕ್ಕಳ ಹಲ್ಲು ಕಂದಿದವು, ಹಿರಿಯರ ಮೂಳೆಗಳು ಬಿಗಿದವು. ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿದ್ದಿತು. ಆಗ ಎರಡು ರಾಜ್ಯಗಳ ನಡುವೆ ವಾಗ್ವಾದವೂ ಚಳವಳಿಯೂ ನಡೆದು ಕೆಲಸ ಕೆಲಕಾಲ ನಿಂತು, 2013ರಲ್ಲಿ ಯೋಜನೆ ಲೋಕಾರ್ಪಣೆಯಾಯಿತು. ಆ ವಾಗ್ವಾದದಲ್ಲಿ ಬೆಂಗಳೂರಿನ ಕನ್ನಡಿಗನ ದನಿ ಕೇಳಿತು, ಚೆನ್ನೈಯ ತಮಿಳನ ದನಿ ಕೇಳಿತು. ಅದೇ ಫ್ಲೋರೈಡಿನ ನೀರನ್ನು ಕುಡಿಯುತ್ತಿದ್ದ ಧರ್ಮಪುರಿಯ ಕನ್ನಡಿಗನ ದನಿ ಯಾರಿಗೂ ಕೇಳಲಿಲ್ಲ. ಅವನು ಮಾತನಾಡಿರಲೇ ಇಲ್ಲ.

ರಸ್ತೆ, ರೈಲು, ನೀರು, ಈ ಮೂರನ್ನೂ ಭಾಷೆಯ ಭೇದವಿಲ್ಲದೆ ಜನ ಕೂಡಿ ಕೇಳಿದರು. ಅದಕ್ಕಾಗಿ ಅವು ದಿಲ್ಲಿಯನ್ನು ಮುಟ್ಟಿದವು. ಕನ್ನಡದ ಮಗುವಿಗೆ ಕನ್ನಡದ ಮೊದಲ ಪುಸ್ತಕ ಎಂಬ ನಾಲ್ಕನೆಯ ಬೇಡಿಕೆಯನ್ನು ನಮಗಾಗಿ ಬೇರೆಯವರು ಕೇಳುವುದಿಲ್ಲ. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ.

ಇದು ರಾಜ್ಯದ ವಿಷಯವಲ್ಲವೇ, ಲೋಕಸಭಾ ಸದಸ್ಯನೇನು ಮಾಡಬಲ್ಲನು ಎಂದು ತಾವು ಕೇಳಬಹುದು. ಶಾಲೆಯನ್ನು ನಡೆಸುವುದು ರಾಜ್ಯವೇ, ಸರಿ. ಆದರೆ ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಈ ಬಗ್ಗೆ ರಾಜ್ಯಗಳಿಗೆ ನಿರ್ದೇಶ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ನೇಮಿಸಬೇಕು. ಅವರ ವರದಿಯನ್ನು ಪಾರ್ಲಿಮೆಂಟಿನ ಎರಡೂ ಸದನಗಳ ಮುಂದಿಡಬೇಕು. ಪಾರ್ಲಿಮೆಂಟಿನ ಮುಂದೆ ಬಂದ ಕಾಗದವನ್ನು ಕುರಿತು ಪ್ರಶ್ನೆ ಕೇಳುವ ಹಕ್ಕು ಯಾರಿಗಿದೆ? ನಮ್ಮ ಸದಸ್ಯರಿಗಿದೆ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳು ಒಂದು ಮಾತೃಭಾಷೆಯವರಿದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣಮಂತ್ರಿಗಳ ಸಮ್ಮೇಲನದಿಂದ ಬಂದದ್ದು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ನಮ್ಮಂಥ ಅಲ್ಪಸಂಖ್ಯಾತರ ಮಕ್ಕಳು ಪರೀಕ್ಷೆಯ ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತಮಿಳನ್ನು ಕಲಿಯಲು ನಮ್ಮ ಮಕ್ಕಳಿಗೆ ಯಾವ ಅಡ್ಡಿಯೂ ಇಲ್ಲ, ಅವರು ಬೀದಿಯಲ್ಲಿಯೇ ಅದನ್ನು ಕಲಿತಿರುತ್ತಾರೆ. ತಾಯಿಯ ನುಡಿಯನ್ನು ಓದಿ ಬರೆಯಲು ಕಲಿಸುವವರಿಲ್ಲದಿರುವುದೇ ನಮ್ಮ ಕೊರತೆ.

ಇನ್ನು ಗಡಿಯ ಪ್ರಶ್ನೆ. ಏಕೀಕರಣದ ಸಮಿತಿಯವರಾದ ನಾವು ಅದನ್ನು ಹೇಳದೆ ಬಿಡಲಾರೆವು. ರಾಜ್ಯಗಳ ಎಲ್ಲೆಯನ್ನು ಮಾರ್ಪಡಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಪಾರ್ಲಿಮೆಂಟಿಗೆ ಮಾತ್ರ ಇದೆ. ವಿಧಾನಸಭೆಗಳು ಅಭಿಪ್ರಾಯವನ್ನಷ್ಟೇ ತಿಳಿಸಬಹುದು. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದ್ದೂ, ಕಾಸರಗೋಡು ಕೇರಳಕ್ಕೆ ಹೋದದ್ದೂ, 1960ರಲ್ಲಿ ತಿರುತ್ತಣಿ ಮದರಾಸಿಗೆ ಬಂದದ್ದೂ ಪಾರ್ಲಿಮೆಂಟಿನ ಕಾನೂನುಗಳಿಂದಲೇ. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವಿಚಾರಣೆಗೆ ಮಹಾರಾಷ್ಟ್ರ ಮತ್ತು ಕೇರಳದ ಗಡಿಗಳು ಬಂದವು, ನಮ್ಮ ಸೀಮೆಯ ಹೆಸರು ಅದರಲ್ಲಿ ಬರಲಿಲ್ಲ. ಎಲ್ಲೆಯ ಮಾತನ್ನು ಒಪ್ಪುವವರೂ ಒಪ್ಪದವರೂ ಈ ಸಭೆಯಲ್ಲಿರಬಹುದು. ಆದರೆ ಎಲ್ಲೆ ಎಲ್ಲಿಯೇ ಇರಲಿ, ಇಂದು ಹುಟ್ಟಿದ ಕೂಸು ಆರನೆಯ ವರ್ಷಕ್ಕೆ ಅಕ್ಷರ ಕಲಿಯಬೇಕು. ಅದು ಯಾವ ಆಯೋಗಕ್ಕೂ ಕಾಯುವಂಥದಲ್ಲ.

ನಮ್ಮ ಭಾಷೆಯವನೇ ಸದಸ್ಯನಾದರೆ ಎಲ್ಲವೂ ಸರಿಹೋದೀತೆಂದು ಕೆಲವರೆನ್ನುತ್ತಾರೆ. ಆಗಲಿ, ಅದೂ ಒಳ್ಳೆಯದೇ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಕಾಸರಗೋಡಿನಿಂದ ಎಂ. ರಾಮಣ್ಣ ರೈಯವರು 1980, 1989 ಮತ್ತು 1991ರಲ್ಲಿ, ಐ. ರಾಮ ರೈಯವರು 1984ರಲ್ಲಿ ಆಯ್ಕೆಯಾದರು. ನಮ್ಮ ನೆರೆಯ ಕೃಷ್ಣಗಿರಿಯ ಕೆ. ಗೋಪಿನಾಥರು 2024ರ ಜೂನಿನಲ್ಲಿ ಪ್ರಮಾಣವಚನವನ್ನು ತಮ್ಮ ಮನೆಮಾತಾದ ತೆಲುಗಿನಲ್ಲಿಯೇ ಸ್ವೀಕರಿಸಿ, ತಮಿಳಿನಲ್ಲಿ ವಂದಿಸಿ ಇಳಿದರು. ತಮಿಳುನಾಡಿನ ಸದಸ್ಯರೊಬ್ಬರು ಹಾಗೆ ಮಾಡಿದ್ದರಿಂದ ಆಕಾಶವೇನೂ ಬೀಳಲಿಲ್ಲ. ಗಡಿನಾಡಿನ ತೆಲುಗರಿಗೆ ತಾವೂ ಈ ಮನೆಯವರೆಂಬ ಧೈರ್ಯ ಬಂದಿರಬೇಕು. ಆದರೆ ಅಂಥವರು ಬರುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಸದಸ್ಯನ ಮನೆಮಾತು ಯಾವುದಾದರೂ ಆಗಿರಲಿ, ಮತಪೆಟ್ಟಿಗೆಯಲ್ಲಿ ನಮ್ಮ ಮತಕ್ಕೆ ಉಳಿದವರ ಮತದಷ್ಟೇ ಬೆಲೆಯಿದೆ.

ಆದುದರಿಂದ ತಾವು ಮಾಡಬೇಕಾದ ಕಾರ್ಯಗಳನ್ನು ಹೇಳಿ ಮುಗಿಸುತ್ತೇವೆ.

ಒಂದನೆಯದು. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಲಮಿನಲ್ಲಿ ಕನ್ನಡವೆಂದೇ ಬರೆಸಿರಿ, ಬರೆದುಕೊಂಡರೋ ಇಲ್ಲವೋ ನೋಡಿರಿ. ಒಂದು ತಾಲ್ಲೂಕಿನಲ್ಲಿ ನೂರಕ್ಕೆ 15ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಸರ್ಕಾರದ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರಬೇಕೆಂಬ ಏರ್ಪಾಡಿದೆ. ಲೆಕ್ಕದಲ್ಲಿ ಇಲ್ಲದವನಿಗೆ ಹಕ್ಕೂ ಇಲ್ಲ.

ಎರಡನೆಯದು. ಪ್ರತಿ ಹಳ್ಳಿಯಲ್ಲಿ ಕನ್ನಡ ಮನೆಗಳೆಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು ಎಂಬ ಪಟ್ಟಿಯನ್ನು ತಾವೇ ಬರೆದಿಡಿರಿ. ಹತ್ತು ಮಕ್ಕಳ ಹೆಸರುಳ್ಳ ಒಂದು ಕಾಗದ ಹತ್ತು ಭಾಷಣಗಳಿಗಿಂತ ಮೇಲು.

ಮೂರನೆಯದು. ಆ ಪಟ್ಟಿಯೊಂದಿಗೆ ಮನವಿಯನ್ನು ಮೊದಲು ಕಲೆಕ್ಟರಿಗೂ ಶಿಕ್ಷಣಾಧಿಕಾರಿಗೂ ಕೊಡಿರಿ, ಸ್ವೀಕೃತಿ ಪಡೆಯಿರಿ. ಅನಂತರ ಅದರ ನಕಲನ್ನು ಲೋಕಸಭಾ ಸದಸ್ಯರಿಗೆ ಕೊಡಿರಿ. ಪ್ರಶ್ನೆ ಕೇಳಲು ಸದಸ್ಯರು ಕನಿಷ್ಠ 15 ದಿನ ಮುಂಚೆ ತಿಳಿವಳಿಕೆ ಕೊಡಬೇಕಾಗುತ್ತದೆ, ಆದುದರಿಂದ ಅಧಿವೇಶನಕ್ಕೆ ಸಾಕಷ್ಟು ಮೊದಲೇ ಹೋಗಿರಿ. ಲೋಕಸಭೆಗೇ ನೇರವಾಗಿ ಅರ್ಜಿ ಸಲ್ಲಿಸುವುದಾದರೆ ಅದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಕನ್ನಡದಲ್ಲಿ ಬರೆದರೆ ಜೊತೆಗೆ ಭಾಷಾಂತರವನ್ನು ಲಗತ್ತಿಸಬೇಕು. ಸದಸ್ಯರ ಮೂಲಕ ಮಂಡಿಸುವುದಾದರೆ ಅದರ ಮೇಲೆ ಅವರ ರುಜು ಬೇಕು.

ನಾಲ್ಕನೆಯದು. 1993ರಲ್ಲಿ ಪ್ರಾರಂಭವಾದ ಸದಸ್ಯರ ಸ್ಥಳೀಯ ಅಭಿವೃದ್ಧಿ ನಿಧಿಯಲ್ಲಿ ಪ್ರತಿ ಸದಸ್ಯರ ಹೆಸರಿಗೂ ವರ್ಷಕ್ಕೆ 5 ಕೋಟಿ ರೂಪಾಯಿಗಳ ಕೆಲಸಗಳಿಗೆ ಅವಕಾಶವಿದೆ. ಹಣ ಸದಸ್ಯರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಒಂದು ಶಾಲಾಕೊಠಡಿ, ಒಂದು ವಾಚನಾಲಯವನ್ನು ಕೇಳಲು ನಾವು ನಾಚಬೇಕಾಗಿಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ತಮಿಳು ನೆರೆಯವರನ್ನು ಬಿಟ್ಟು ಹೋಗಬೇಡಿರಿ. ತೊಪ್ಪೂರು ಘಟ್ಟಕ್ಕೂ ಮೊರಪ್ಪೂರು ರೈಲಿಗೂ ಅವರೊಡನೆ ನಿಂತವರಾದರೆ, ಕನ್ನಡ ಶಾಲೆಯ ಮನವಿಗೆ ಅವರ ರುಜುವನ್ನು ಕೇಳುವ ಮುಖ ನಮಗಿರುತ್ತದೆ. ಅವರು ಕೊಡುತ್ತಾರೆಂದು ನಾವು ನಂಬಿದ್ದೇವೆ. ತಮ್ಮ ನುಡಿಯನ್ನು ಪ್ರಾಣದಂತೆ ಪ್ರೀತಿಸುವ ಜನಕ್ಕೆ ಇನ್ನೊಬ್ಬರ ನುಡಿಯ ನೋವು ತಿಳಿಯದೆ ಹೋಗದು.

ವಾಳಪ್ಪಾಡಿ ರಾಮಮೂರ್ತಿಯವರು ತಮ್ಮ ಜನರ ನೀರಿಗಾಗಿ ಕುರ್ಚಿಯನ್ನು ಬಿಟ್ಟರು. ನಮ್ಮ ಮಕ್ಕಳ ಅಕ್ಷರಕ್ಕಾಗಿ ನಾವು ಬಿಡಬೇಕಾದದ್ದು ಕುರ್ಚಿಯನ್ನಲ್ಲ, ಸಂಕೋಚವನ್ನು ಮಾತ್ರ. ಮುಂದಿನ ಸಲ ಸದಸ್ಯರು ಈ ಊರಿಗೆ ಬಂದಾಗ ನಲ್ಲಂಪಳ್ಳಿಯ ಕನ್ನಡಿಗರು ಹಾರವನ್ನು ಹಾಕಲಿ. ಹಾರದೊಂದಿಗೆ ಒಂದು ಬರೆದ ಕಾಗದವೂ ಅವರ ಕೈ ಸೇರಲಿ.